ಬಾಗಿಲು ಹಾಕಿದ್ರೂ ಆರದ ದೀಪ

ಡ್ಯಾಶ್‌ಬೋರ್ಡಿನಲ್ಲಿ ಒಂದು ಪುಟ್ಟ ಕೆಂಪು ಚಿತ್ರ ಇರುತ್ತದೆ. ಮೇಲಿನಿಂದ ನೋಡಿದ ಕಾರು, ಎರಡೂ ಬದಿಯ ಬಾಗಿಲು ತೆರೆದುಕೊಂಡಿದೆ, ರೆಕ್ಕೆ ಬಿಚ್ಚಿದ ಜೀರುಂಡೆ ಥರ. ಬಾಗಿಲು ಹಾಕಿದ ಕೂಡಲೇ ಅದು ಆರಬೇಕು. ಹತ್ತು ಹದಿನೈದು ವರ್ಷ ಓಡಿದ ಕಾರುಗಳಲ್ಲಿ ಎಷ್ಟೋ ಸಲ ಆರುವುದಿಲ್ಲ. ಮತ್ತೆ ತೆಗೆದು ಧಡ್ ಅಂತ ಹಾಕ್ತೀವಿ, ಆರಲ್ಲ. ಇನ್ನೂ ಜೋರಾಗಿ ಹಾಕ್ತೀವಿ, ಆಗಲೂ ಆರಲ್ಲ. ಒಂದು ವಾರ ಕಳೆದರೆ ಕಣ್ಣಿಗೆ ಅದು ಅಭ್ಯಾಸವಾಗಿ, ಸ್ಪೀಡೋಮೀಟರಿನ ಪಕ್ಕದ ಅಲಂಕಾರ ಅನ್ನಿಸಿಬಿಡುತ್ತದೆ.

ಗ್ಯಾರೇಜಿಗೆ ಹೋದರೆ ಕೆಲವು ಕಡೆ ಐದು ನಿಮಿಷದಲ್ಲಿ ಸರಿ ಮಾಡಿ ಕೊಡ್ತಾರೆ. ಹೇಗೆ ಅಂದರೆ, ದೀಪದ ಬಲ್ಬನ್ನೇ ಕಿತ್ತು ಹಾಕ್ತಾರೆ. ಇದು ಜ್ವರ ಬಂದವನ ಥರ್ಮಾಮೀಟರ್ ಒಡೆದು ಹಾಕಿದ ಹಾಗೆ. ಈ ಲೇಖನ ಬರೆಯೋಕೆ ನಮಗೆ ಮುಖ್ಯ ಕಾರಣ ಅದೇ. ಈ ಕೆಲಸಕ್ಕೆ ದೊಡ್ಡ ಉಪಕರಣ ಏನೂ ಬೇಡ. ಲ್ಯಾಬಿನಲ್ಲಿ ನಾವೆಲ್ಲ ಹಿಡಿದು ನೋಡಿರುವ ಮಾಮೂಲಿ ಮಲ್ಟಿಮೀಟರ್, ಒಂದು ಸ್ಕ್ರೂಡ್ರೈವರ್, ಸ್ವಲ್ಪ ಟೇಪು, ಒಂದು ರೂಪಾಯಿ ನಾಣ್ಯ ಇದ್ದರೆ ಸಾಕು.

ಶುರು ಮಾಡುವ ಮೊದಲು ಒಂದು ವಿಷಯ. ದೀಪ ಸುಳ್ಳು ಹೇಳ್ತಿದೆ ಅಂತ ತೀರ್ಮಾನ ಮಾಡಬೇಡಿ. ಅದು ನಿಜವನ್ನೇ ಹೇಳ್ತಿರಬಹುದು.

ಎರಡು ಕ್ಲಿಕ್

ಕಾರಿನ ಬಾಗಿಲು ಮನೆಯ ಬಾಗಿಲಿನಂತೆ ಒಂದೇ ಸಲಕ್ಕೆ ಚಿಲಕ ಬೀಳುವಂಥದ್ದಲ್ಲ. ಬಾಗಿಲಿನ ಅಂಚಿನಲ್ಲಿ ಒಂದು ಉಕ್ಕಿನ ಕೊಕ್ಕೆ ಇರುತ್ತದೆ, ಅದಕ್ಕೆ ಲಾಚ್ ಅಂತೀವಿ. ಎದುರಿನ ಕಂಬದಲ್ಲಿ ಯು ಆಕಾರದ ಕಂಬಿ ಇರುತ್ತದೆ, ಅದು ಸ್ಟ್ರೈಕರ್. ಬಾಗಿಲು ಹಾಕುವಾಗ ಕೊಕ್ಕೆ ತಿರುಗಿ ಕಂಬಿಯನ್ನು ಎರಡು ಹಂತದಲ್ಲಿ ಹಿಡಿಯುತ್ತದೆ. ಬಾಗಿಲನ್ನು ತುಂಬಾ ನಿಧಾನವಾಗಿ ಒತ್ತಿ ನೋಡಿ, ಒಂದು ಕ್ಲಿಕ್, ಸ್ವಲ್ಪ ದೂರದಲ್ಲಿ ಇನ್ನೊಂದು ಕ್ಲಿಕ್ ಕೇಳಿಸುತ್ತದೆ. ಮೊದಲನೆಯದು ಅರ್ಧ ಹಿಡಿತ, ಎರಡನೆಯದು ಪೂರ್ತಿ ಹಿಡಿತ.

ಅರ್ಧ ಹಿಡಿತದಲ್ಲಿರುವ ಬಾಗಿಲು ಹೊರಗಿನಿಂದ ನೋಡಿದರೆ ಹಾಕಿದ ಹಾಗೇ ಕಾಣುತ್ತದೆ. ಆದರೆ ಅದರ ಬಲ ಬೇರೆ. ಅಮೆರಿಕದ ಎಫ್‌ಎಂವಿಎಸ್‌ಎಸ್ 206 ಎಂಬ ಸುರಕ್ಷತಾ ನಿಯಮದ ಪ್ರಕಾರ ಪಕ್ಕದ ಬಾಗಿಲಿನ ಲಾಚು ಪೂರ್ತಿ ಹಿಡಿತದಲ್ಲಿ 11,000 ನ್ಯೂಟನ್ ಎಳೆತ ತಡೆಯಬೇಕು, ಅರ್ಧ ಹಿಡಿತದಲ್ಲಿ 4,500 ನ್ಯೂಟನ್ ತಡೆದರೆ ಸಾಕು. ಅಂದರೆ ಸುಮಾರು 1,100 ಕಿಲೋ ಭಾರಕ್ಕೂ 460 ಕಿಲೋ ಭಾರಕ್ಕೂ ಇರುವ ವ್ಯತ್ಯಾಸ. ಕಾರು ಪಲ್ಟಿ ಹೊಡೆದಾಗ ಒಳಗಿದ್ದವರು ಹೊರಗೆ ಎಸೆಯಲ್ಪಡುವುದು ಜೀವಕ್ಕೆ ಅತ್ಯಂತ ಅಪಾಯದ ಸಂಗತಿ. 2004ರಲ್ಲಿ ವಿಶ್ವಸಂಸ್ಥೆಯ ವೇದಿಕೆಯಲ್ಲಿ ವಾಹನಗಳಿಗಾಗಿ ಜಾಗತಿಕ ತಾಂತ್ರಿಕ ನಿಯಮಗಳನ್ನು ಮಾಡಲು ಹೊರಟಾಗ, ಒಂದನೇ ನಂಬರಿನ ನಿಯಮ ಬಂದಿದ್ದು ಇಂಜಿನ್ನಿನ ಬಗ್ಗೆಯೂ ಅಲ್ಲ, ಬ್ರೇಕಿನ ಬಗ್ಗೆಯೂ ಅಲ್ಲ. ಬಾಗಿಲಿನ ಬೀಗ ಮತ್ತು ಹಿಡಿತಗಳ ಬಗ್ಗೆ.

ಹಾಗಾಗಿ ಮೊದಲ ಪರೀಕ್ಷೆ ಕೈಯಲ್ಲೇ ಆಗಬೇಕು. ಎಲ್ಲ ಬಾಗಿಲು ಹಾಕಿ, ಒಂದೊಂದನ್ನೂ ಹ್ಯಾಂಡಲ್ ಮುಟ್ಟದೆ ಅಂಚಿನಲ್ಲಿ ಹಿಡಿದು ಹೊರಕ್ಕೂ ಒಳಕ್ಕೂ ಅಲ್ಲಾಡಿಸಿ. ಪೂರ್ತಿ ಬಿದ್ದ ಬಾಗಿಲು ಅಲ್ಲಾಡುವುದು ಕಡಿಮೆ. ಅರ್ಧ ಬಿದ್ದದ್ದು ಗಡಗಡ ಅಂತ ಆಡುತ್ತದೆ, ಪಕ್ಕದ ಪ್ಯಾನಲ್ಲಿಗಿಂತ ಕೆಲವು ಮಿಲಿಮೀಟರ್ ಆಚೆಗೂ ನಿಂತಿರುತ್ತದೆ. ಡಿಕ್ಕಿಯನ್ನು ಮರೆಯಬೇಡಿ. ಹಳೆಯ ಕಾರುಗಳಲ್ಲಿ ನಾಲ್ಕು ಬಾಗಿಲಿಗೂ ಡಿಕ್ಕಿಗೂ ಸೇರಿ ಒಂದೇ ದೀಪ ಇರುವುದು ಸಾಮಾನ್ಯ. ಬಾಗಿಲುಗಳನ್ನೆಲ್ಲ ಬಿಚ್ಚಿ ನೋಡಿದ ಮೇಲೆ ತಪ್ಪು ಡಿಕ್ಕಿಯಲ್ಲಿತ್ತು ಅಂತ ಗೊತ್ತಾದರೆ ಬೇಜಾರಾಗುತ್ತೆ.

ದೀಪಕ್ಕೆ ಬಾಗಿಲು ಗೊತ್ತಿಲ್ಲ

ಬಾಗಿಲುಗಳೆಲ್ಲ ಸರಿಯಾಗಿ ಬಿದ್ದಿವೆ, ಆದರೂ ದೀಪ ಉರೀತಿದೆ. ಈಗ ಸರ್ಕಿಟ್ಟಿಗೆ ಬರೋಣ. ಇಲ್ಲಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು ಇಷ್ಟೇ: ಈ ದೀಪಕ್ಕೆ ಬಾಗಿಲಿನ ಬಗ್ಗೆ ಏನೂ ಗೊತ್ತಿಲ್ಲ. ಒಂದು ವೈರು ಕಾರಿನ ಬಾಡಿಗೆ ತಾಗಿದೆಯೋ ಇಲ್ಲವೋ, ಅದಷ್ಟೇ ಅದಕ್ಕೆ ಗೊತ್ತು.

1990ರ ದಶಕದಿಂದ ಸುಮಾರು 2010ರ ತನಕ ನಮ್ಮಲ್ಲಿ ಮಾರಾಟವಾದ ಎಷ್ಟೋ ಚಿಕ್ಕ ಕಾರುಗಳಲ್ಲಿ ವ್ಯವಸ್ಥೆ ತೀರ ಸರಳ. ಬಾಗಿಲು ತೆಗೆದರೆ ಕಂಬದ ಮೇಲೆ ರಬ್ಬರ್ ಟೋಪಿ ಹಾಕಿಕೊಂಡ ಒಂದು ಗುಂಡಿ ಕಾಣುತ್ತದೆ. ಅದೇ ಪ್ಲಂಜರ್ ಸ್ವಿಚ್ಚು. ಬ್ಯಾಟರಿಯ ಪಾಸಿಟಿವ್ ಫ್ಯೂಸಿನ ಮೂಲಕ ದೀಪಕ್ಕೆ ಹೋಗುತ್ತದೆ, ದೀಪದ ಇನ್ನೊಂದು ತುದಿಯಿಂದ ಒಂದೇ ವೈರು ಈ ಸ್ವಿಚ್ಚಿಗೆ ಬರುತ್ತದೆ. ಬಾಗಿಲು ತೆಗೆದಾಗ ಒಳಗಿನ ಸ್ಪ್ರಿಂಗು ಗುಂಡಿಯನ್ನು ಹೊರಕ್ಕೆ ತಳ್ಳಿ ಆ ವೈರನ್ನು ಬಾಡಿಗೆ ತಾಗಿಸುತ್ತದೆ. ಬಾಡಿಯೇ ನೆಗೆಟಿವ್ ಆದ್ದರಿಂದ ಸರ್ಕಿಟ್ ಪೂರ್ತಿಯಾಗಿ ದೀಪ ಹತ್ತುತ್ತದೆ. ಬಾಗಿಲು ಹಾಕಿದರೆ ಗುಂಡಿ ಒಳಗೆ ಹೋಗಿ ಸಂಪರ್ಕ ತಪ್ಪುತ್ತದೆ.

ಸ್ವಿಚ್ಚಿಗೆ ಇನ್ನೊಂದು ವೈರು ಎಲ್ಲಿ ಅಂತ ಹುಡುಕಬೇಡಿ. ಸ್ವಿಚ್ಚನ್ನು ಕಂಬಕ್ಕೆ ಬಿಗಿದಿರುವ ಸ್ಕ್ರೂನೇ ಎರಡನೇ ವೈರು.

ಎಲ್ಲ ಬಾಗಿಲುಗಳ ಸ್ವಿಚ್ಚುಗಳೂ ಪ್ಯಾರಲಲ್ ಆಗಿರುವುದರಿಂದ ಯಾವುದೇ ಒಂದು ಬಾಡಿಗೆ ತಾಗಿದರೂ ದೀಪ ಉರಿಯುತ್ತದೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಕಲಿತವರಿಗೆ ಇದು ಗೊತ್ತಿರುವ ಮುಖವೇ, ಆಕ್ಟಿವ್ ಲೋ ವೈರ್ಡ್ ಆರ್ ಗೇಟ್. ಐಸಿ ಇಲ್ಲದೆ, ನಾಲ್ಕು ತುಂಡು ತಗಡಿನಲ್ಲಿ ಮಾಡಿದ್ದು.

ಪಾಸಿಟಿವ್ ಕಡೆ ಬಿಟ್ಟು ನೆಗೆಟಿವ್ ಕಡೆ ಯಾಕೆ ಸ್ವಿಚ್ಚು? ವೈರು ಉಳಿಯುತ್ತೆ ಅನ್ನೋದು ಒಂದು ಲಾಭ. ಅದಕ್ಕಿಂತ ಜಾಣತನದ್ದು ಇನ್ನೊಂದಿದೆ. ಬಾಗಿಲಿನ ಸುತ್ತ ಹೋಗುವ ವೈರು ಉಜ್ಜಿ ಉಜ್ಜಿ ಸಿಪ್ಪೆ ಕಳೆದುಕೊಂಡು ಬಾಡಿಗೆ ತಾಗಿದರೆ, ಅದು ದೀಪ ದಾಟಿ ಬಂದಿರುವ ವೈರಾದ್ದರಿಂದ ದೀಪ ಸುಮ್ಮನೆ ಉರಿಯುತ್ತದೆ. ಪಾಸಿಟಿವ್ ವೈರೇ ಅಲ್ಲಿಗೆ ಬಂದಿದ್ದರೆ ಕಿಡಿ ಹಾರಿ ಫ್ಯೂಸು ಹೋಗುತ್ತಿತ್ತು. ಆರದ ದೀಪ ಅನ್ನೋದು ಈ ಸರ್ಕಿಟ್ಟು ಸೌಮ್ಯವಾಗಿ ಕೆಡುವ ದಾರಿ. ಅದೇ ವೈರು ತುಂಡಾದರೆ? ಆ ಬಾಗಿಲು ತೆರೆದಿದ್ದರೂ ದೀಪ ಹತ್ತುವುದೇ ಇಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ಎರಡರಲ್ಲಿ ಕೆಟ್ಟದ್ದು ಅದು.

ಇಲ್ಲಿಂದ ಒಂದು ಉಪಯುಕ್ತ ತರ್ಕ ಹುಟ್ಟುತ್ತದೆ. ದೀಪ ಆರದಿದ್ದರೆ ‘ಸ್ವಿಚ್ಚು ಜಾಮ್ ಆಗಿದೆ’ ಅಂತ ಎಲ್ಲರೂ ಹೇಳ್ತಾರೆ. ಯೋಚನೆ ಮಾಡಿ. ಪ್ಲಂಜರ್ ಜಾಮ್ ಆಗುವುದು ಸಾಮಾನ್ಯವಾಗಿ ಒಳಗಡೆ, ಯಾಕಂದರೆ ಬಾಗಿಲಿನ ಭಾರ ಅದನ್ನು ಒತ್ತೇ ಒತ್ತುತ್ತದೆ, ವಾಪಸ್ ತರಲು ಇರುವುದು ಬಡಪಾಯಿ ಸ್ಪ್ರಿಂಗು ಮಾತ್ರ. ಒಳಗೆ ಸಿಕ್ಕಿಕೊಂಡರೆ ದೀಪ ಹತ್ತುವುದಿಲ್ಲ, ಆರದೆ ಉಳಿಯುವುದಲ್ಲ. ಆದ್ದರಿಂದ ಪ್ಲಂಜರ್ ಇರುವ ಕಾರಿನಲ್ಲಿ ದೀಪ ಆರುತ್ತಿಲ್ಲ ಅಂದರೆ ಬೇರೆ ಕಾರಣ ಹುಡುಕಬೇಕು. ಗುಂಡಿ ಪೂರ್ತಿ ಒತ್ತಿಸಿಕೊಳ್ಳುತ್ತಿಲ್ಲ, ಇಲ್ಲವೇ ಒಳಗಿನ ತಗಡು ಮುರಿದೋ ಕೆಸರು ತುಂಬಿಯೋ ಸಂಪರ್ಕ ಬಿಡುತ್ತಿಲ್ಲ, ಇಲ್ಲವೇ ಸ್ವಿಚ್ಚಿಗೂ ದೀಪಕ್ಕೂ ನಡುವೆ ವೈರು ಎಲ್ಲೋ ಬಾಡಿಗೆ ತಾಗಿದೆ.

ಯಾವ ಬಾಗಿಲು?

ಮಳೆಗಾಲದಲ್ಲಿ ನಮ್ಮ ಗೆಳೆಯನೊಬ್ಬ ಮಲೆನಾಡಿನ ಊರಿನಿಂದ ಮನೆಯ ಹಳೇ ಹ್ಯಾಚ್‌ಬ್ಯಾಕ್ ತಂದಿದ್ದ. 2007ರ ಗಾಡಿ. ದೀಪ ಹತ್ತು ದಿನದಿಂದ ಆರಿರಲಿಲ್ಲ. ಭಾನುವಾರ ಬೆಳಿಗ್ಗೆ ಹಾಸ್ಟೆಲಿನ ಪಾರ್ಕಿಂಗಿನಲ್ಲಿ ನಾವು ನಾಲ್ಕು ಜನ ಅದರ ಮೇಲೆ ಕೂತೆವು. ಅಲ್ಲಿ ಮಾಡಿದ್ದನ್ನೇ ಹೇಳ್ತೀವಿ, ಈ ಕ್ರಮ ಪ್ಲಂಜರ್ ಇರುವ ಯಾವ ಕಾರಿಗಾದರೂ ನಡೆಯುತ್ತದೆ.

ಒಂದು ಬಾಗಿಲು ತೆಗೆದು, ಅದರ ಗುಂಡಿಯನ್ನು ಬೆರಳಿನಿಂದ ಪೂರ್ತಿ ಒತ್ತಿ ಹಿಡಿದರೆ ದೀಪ ಆರಬೇಕು, ಉಳಿದ ಬಾಗಿಲುಗಳು ಮುಚ್ಚಿದ್ದರೆ. ನಾಲ್ಕರಲ್ಲಿ ಒಂದು ಬಾಗಿಲಿಗೆ ಮಾತ್ರ ಹಾಗಾಯಿತು, ಹಿಂದಿನ ಎಡಬಾಗಿಲು. ಉಳಿದ ಮೂರರಲ್ಲಿ ಒತ್ತಿದರೂ ದೀಪ ಉರಿಯುತ್ತಲೇ ಇತ್ತು, ಯಾಕಂದರೆ ನಿಜವಾದ ಅಪರಾಧಿ ಬೇರೆಡೆ ಕೂತು ವೈರನ್ನು ಬಾಡಿಗೆ ಹಿಡಿದಿತ್ತು. ಬೆರಳು ಒತ್ತಿದಾಗ ಆರುತ್ತೆ, ಬಾಗಿಲು ಒತ್ತಿದಾಗ ಆರಲ್ಲ. ಅಂದಮೇಲೆ ಸ್ವಿಚ್ಚೂ ಸರಿ, ವೈರೂ ಸರಿ. ಬಾಗಿಲು ಗುಂಡಿಯನ್ನು ಸಾಕಷ್ಟು ಮುಟ್ಟುತ್ತಿಲ್ಲ.

ಖಚಿತ ಮಾಡಿಕೊಳ್ಳಲು ನಾಣ್ಯದ ಪರೀಕ್ಷೆ. ಗುಂಡಿ ಬಾಗಿಲಿನ ಯಾವ ಜಾಗಕ್ಕೆ ತಾಗುತ್ತೋ ಅಲ್ಲಿ ಸಾಮಾನ್ಯವಾಗಿ ಬಣ್ಣದ ಮೇಲೆ ಒಂದು ಗುರುತು ಬಿದ್ದಿರುತ್ತದೆ. ಆ ಗುರುತಿನ ಮೇಲೆ ಒಂದು ರೂಪಾಯಿ ನಾಣ್ಯವನ್ನು ಟೇಪಿನಿಂದ ಅಂಟಿಸಿ ಬಾಗಿಲು ಹಾಕಿದೆವು. ನಾಣ್ಯದ ದಪ್ಪ ಒಂದೂವರೆ ಮಿಲಿಮೀಟರ್ ಆಸುಪಾಸು. ದೀಪ ಆರಿತು. ಕೊರತೆ ಇದ್ದದ್ದು ಅಷ್ಟೇ.

ಆದರೆ ಆ ಒಂದೂವರೆ ಮಿಲಿಮೀಟರ್ ಎಲ್ಲಿಗೆ ಹೋಯಿತು? ಇದು ಬಿಡಬಾರದ ಪ್ರಶ್ನೆ. ಗುಂಡಿಯ ತುದಿಯ ರಬ್ಬರ್ ಟೋಪಿ ಸವೆದು ತೂತು ಬಿದ್ದಿತ್ತು, ಅದು ಒಂದು. ಹಿಂಜ್ ಸವೆದು ಬಾಗಿಲು ಜೋತುಬಿದ್ದಿದ್ದರೂ ಹೀಗೇ ಆಗುತ್ತದೆ. ನೋಡೋದು ಸುಲಭ: ಬಾಗಿಲನ್ನು ಅರ್ಧ ತೆಗೆದು ತುದಿ ಹಿಡಿದು ಮೇಲಕ್ಕೆ ಎತ್ತಿ. ಆಟ ಸಿಕ್ಕರೆ ಹಿಂಜ್ ಹೋಗಿದೆ. ಬಾಗಿಲ ಸುತ್ತಿನ ಬೀಡಿಂಗನ್ನು ಹೊಸದಾಗಿ ಹಾಕಿಸಿದ್ದರೂ, ಅದು ಮೂಲದ್ದಕ್ಕಿಂತ ದಪ್ಪವಾಗಿದ್ದರೆ ಬಾಗಿಲು ಒಳಗೆ ಕೂರುವುದಿಲ್ಲ. ಅಂಥ ಕಾರಿನಲ್ಲಿ ನಾಣ್ಯ ಅಂಟಿಸಿ ದೀಪ ಆರಿಸುವುದು ಅಂದರೆ ಮತ್ತೆ ಆ ಥರ್ಮಾಮೀಟರ್ ಕಥೆಯೇ. ಬಾಗಿಲು ಎರಡನೇ ಕ್ಲಿಕ್ಕಿಗೆ ಬಂದಿದೆಯಾ ಅಂತ ಮೊದಲು ನೋಡಿಕೊಳ್ಳಿ.

ಗೆಳೆಯನ ಕಾರಿನ ಬಾಗಿಲು ಎರಡನೇ ಕ್ಲಿಕ್ಕಿಗೆ ಬರುತ್ತಿತ್ತು, ಹಿಂಜೂ ಗಟ್ಟಿಯಾಗಿತ್ತು. ಹೊಸ ಸ್ವಿಚ್ಚು ಬಿಡಿಭಾಗಗಳ ಅಂಗಡಿಯಲ್ಲಿ ಒಂದು ಪ್ಲೇಟ್ ಬಿರಿಯಾನಿಗಿಂತ ಕಡಿಮೆಗೆ ಸಿಕ್ಕಿತು. ಟೋಪಿ ಮಾತ್ರ ಬದಲಾಯಿಸಬಹುದಿತ್ತು, ಆದರೆ ತೂತಿನಿಂದ ನೀರು ಇಳಿದು ಒಳಗೆಲ್ಲ ಕಂದು ಬಣ್ಣ ತಿರುಗಿತ್ತು.

ಬೆರಳಿನ ಪರೀಕ್ಷೆಯಲ್ಲಿ ಯಾವ ಬಾಗಿಲಿನಲ್ಲೂ ದೀಪ ಆರದಿದ್ದರೆ ಮುಂದಿನ ಹೆಜ್ಜೆ ಆ ಸ್ಕ್ರೂ. ಒಂದೊಂದೇ ಸ್ವಿಚ್ಚಿನ ಸ್ಕ್ರೂ ಬಿಚ್ಚಿ, ಸ್ವಿಚ್ಚನ್ನು ಲೋಹಕ್ಕೆ ತಾಗದಂತೆ ಹೊರಗೆ ಎಳೆದು ಹಿಡಿಯಿರಿ. ಸ್ಕ್ರೂ ಹೋಯಿತು ಅಂದರೆ ಆ ಸ್ವಿಚ್ಚಿನ ಅರ್ಥ್ ಹೋಯಿತು. ಆ ಕ್ಷಣ ದೀಪ ಆರಿದರೆ ಸ್ವಿಚ್ಚೇ ಕೆಟ್ಟಿದೆ. ಆರದಿದ್ದರೆ ಸ್ವಿಚ್ಚಿನ ಹಿಂದಿನ ವೈರನ್ನೂ ಬಿಡಿಸಿ, ಹಾಗೇ ಮುಂದಿನ ಬಾಗಿಲಿಗೆ ಹೋಗಿ. ಎಲ್ಲ ಸ್ವಿಚ್ಚುಗಳನ್ನು ಬಿಡಿಸಿದ ಮೇಲೂ ದೀಪ ಉರಿಯುತ್ತಿದ್ದರೆ ತಪ್ಪು ವೈರಿನಲ್ಲಿದೆ. ಇಲ್ಲಿ ಒಂದು ಎಚ್ಚರಿಕೆ: ವೈರು ಬಿಡಿಸುವ ಮೊದಲೇ ಅದಕ್ಕೊಂದು ಟೇಪಿನ ತುಂಡು ಸುತ್ತಿ ಕಂಬಕ್ಕೆ ಅಂಟಿಸಿ. ಕೈ ಜಾರಿದರೆ ಅದು ಕಂಬದ ಟೊಳ್ಳಿನೊಳಗೆ ಹೋಗಿಬಿಡುತ್ತದೆ. ಆಮೇಲೆ ಅದನ್ನು ಮೀನು ಹಿಡಿಯೋ ಹಾಗೆ ತಂತಿ ಹಾಕಿ ಎಳೆಯಬೇಕು.

ಮೀಟರ್ ಇರುವವರಿಗೆ ಇನ್ನೂ ಸ್ವಚ್ಛವಾದ ದಾರಿ ಇದೆ. ಬಿಡಿಸಿದ ಸ್ವಿಚ್ಚನ್ನು ಕಂಟಿನ್ಯುಟಿಗೆ ಇಟ್ಟು, ಒಂದು ಪ್ರೋಬ್ ಟರ್ಮಿನಲ್ಲಿಗೆ, ಇನ್ನೊಂದು ಸ್ಕ್ರೂ ತೂತಿನ ಲೋಹಕ್ಕೆ. ಗುಂಡಿ ಬಿಟ್ಟಾಗ ಬೀಪ್, ಒತ್ತಿದಾಗ ಮೌನ. ಒತ್ತಿದಾಗಲೂ ಬೀಪ್ ಬಂದರೆ ಬೇರೆ ಸಾಕ್ಷಿ ಬೇಡ. ಇನ್ನು ಬಿಡಿಸಿದ ವೈರಿಗೂ ಬಾಡಿಗೂ ನಡುವೆ ವೋಲ್ಟೇಜ್ ನೋಡಿ. ವೈರು ಆರೋಗ್ಯವಾಗಿದ್ದರೆ ದೀಪದ ಮೂಲಕ ಬಂದ 12 ವೋಲ್ಟ್ ಆಸುಪಾಸು ಕಾಣಬೇಕು, ಸೊನ್ನೆ ಕಂಡರೆ ಅದು ಎಲ್ಲೋ ಬಾಡಿಗೆ ತಾಗಿದೆ. ಹಾಗೆ ತಾಗುವುದು ಹೆಚ್ಚಾಗಿ ಕಾರ್ಪೆಟ್ಟಿನ ಅಂಚಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ, ಸೀಟು ಬೆಲ್ಟಿನ ಬುಡದಲ್ಲಿ, ಇಲ್ಲವೇ ಹಿಂದೊಮ್ಮೆ ಮ್ಯೂಸಿಕ್ ಸಿಸ್ಟಮ್ಮೋ ಸೆಂಟ್ರಲ್ ಲಾಕೋ ಹಾಕಿದವರು ಸ್ಕ್ರೂ ಹೊಡೆದ ಜಾಗದಲ್ಲಿ. ಆಮೇಲೆ ಸೇರಿಸಿದ ಅಲಾರ್ಮ್ ಇದ್ದರೆ ಅದರ ಪೆಟ್ಟಿಗೆಯನ್ನೂ ಅನುಮಾನಿಸಿ, ಅದೂ ಇದೇ ವೈರಿಗೆ ಕೈ ಹಾಕಿರುತ್ತದೆ.

ಲಾಚಿನೊಳಗೆ ಅಡಗಿದ ಸ್ವಿಚ್ಚು

ಕಂಬದಲ್ಲಿ ಗುಂಡಿಯೇ ಕಾಣದಿದ್ದರೆ ನಿಮ್ಮ ಕಾರು ಎರಡನೇ ಪೀಳಿಗೆಯದು. ಅಲ್ಲಿ ಸ್ವಿಚ್ಚು ಬಾಗಿಲಿನ ಲಾಚಿನೊಳಗೇ ಕೂತಿರುತ್ತದೆ, ಕೊಕ್ಕೆ ತಿರುಗುವುದನ್ನೇ ನೋಡುತ್ತಿರುತ್ತದೆ. ಕಲ್ಪನೆಯಾಗಿ ಇದು ಮೇಲು, ಯಾಕಂದರೆ ಅಳೆಯುವುದು ಬಾಗಿಲಿನ ಅಂಚನ್ನಲ್ಲ, ಹಿಡಿತವನ್ನೇ. ರಿಪೇರಿಗೆ ಮಾತ್ರ ಕಷ್ಟ.

ಇದಕ್ಕೊಂದು ಸೊಗಸಾದ ಪರೀಕ್ಷೆ ಇದೆ. ಬಾಗಿಲು ತೆರೆದೇ ಇರಲಿ. ಸ್ಕ್ರೂಡ್ರೈವರ್ ತುದಿಯಿಂದ ಲಾಚಿನ ಕೊಕ್ಕೆಯನ್ನು ಬಾಗಿಲು ಹಾಕಿದಾಗ ತಿರುಗುವ ದಿಕ್ಕಿಗೆ ತಿರುಗಿಸಿ. ಕ್ಲಿಕ್, ಮತ್ತೆ ಕ್ಲಿಕ್. ಬಾಗಿಲು ಗಾಳಿಯಲ್ಲಿದ್ದರೂ ಕಾರಿಗೆ ಅದು ಮುಚ್ಚಿದ ಬಾಗಿಲು. ಈಗ ದೀಪ ಆರಿದರೆ ಸ್ವಿಚ್ಚೂ ವೈರೂ ಸರಿ, ಬಾಗಿಲು ನಿಜವಾಗಿ ಹಾಕಿದಾಗ ಕೊಕ್ಕೆ ಕೊನೆಯ ತನಕ ತಿರುಗುತ್ತಿಲ್ಲ. ಆಗ ಕೆಲಸ ಸ್ಟ್ರೈಕರಿನದು. ಅದರ ಬೋಲ್ಟು ಸಡಿಲಿಸುವ ಮುಂಚೆ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದುಕೊಳ್ಳಿ, ಒಂದು ಸಲಕ್ಕೆ ಒಂದು ಮಿಲಿಮೀಟರಿಗಿಂತ ಹೆಚ್ಚು ಸರಿಸಬೇಡಿ, ಆಮೇಲೆ ಬೋಲ್ಟನ್ನು ಚೆನ್ನಾಗಿ ಬಿಗಿಯಿರಿ. ಆ 11,000 ನ್ಯೂಟನ್ ಬಂದು ಬೀಳುವುದು ಆ ಬೋಲ್ಟಿನ ಮೇಲೇ. ಎರಡು ಕ್ಲಿಕ್ ಆದರೂ ದೀಪ ಆರದಿದ್ದರೆ ತಪ್ಪು ಲಾಚಿನೊಳಗೋ ವೈರಿನಲ್ಲೋ ಇದೆ.

ಪರೀಕ್ಷೆ ಮುಗಿದ ಮೇಲೆ ಹೊರಗಿನ ಹ್ಯಾಂಡಲ್ ಎಳೆದು ಕೊಕ್ಕೆಯನ್ನು ಬಿಡಿಸಲೇಬೇಕು. ಮರೆತು ಬಾಗಿಲು ಬಡಿದರೆ ಮುಚ್ಚಿದ ಕೊಕ್ಕೆ ಸ್ಟ್ರೈಕರಿಗೆ ಗುದ್ದುತ್ತದೆ, ಲಾಚೂ ಹಾಳು, ಬಣ್ಣವೂ ಹಾಳು.

ಲಾಚಿನೊಳಗಿನ ಸ್ವಿಚ್ಚು ಮೊಂಡು ಹಿಡಿಯಲು ದೊಡ್ಡ ಕಾರಣ ಗ್ರೀಸು. ಕಾರ್ಖಾನೆಯಲ್ಲಿ ಹಾಕಿದ ಗ್ರೀಸಿಗೆ ಹತ್ತು ವರ್ಷದ ಧೂಳು ಸೇರಿ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗುತ್ತದೆ, ಸ್ವಿಚ್ಚನ್ನು ಒತ್ತುವ ಪುಟ್ಟ ಸನ್ನೆ ವಾಪಸ್ ಬರುವುದಿಲ್ಲ. ಇಲ್ಲಿ ಎಲ್ಲರೂ ಮೊದಲು ಹಿಡಿಯುವುದು ಡಬ್ಲ್ಯೂಡಿ 40 ಡಬ್ಬಿಯನ್ನು. 1953ರಲ್ಲಿ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಅದನ್ನು ಮಾಡಿದ್ದು ನೀರನ್ನು ಹೊರದೂಡಲು, ಹೆಸರಿನ ಅರ್ಥವೂ ಅದೇ, ನೀರು ತಳ್ಳುವ 40ನೇ ಪ್ರಯತ್ನ. ಹಳೇ ಗ್ರೀಸನ್ನು ಸಡಿಲ ಮಾಡಲು ಅದು ಒಳ್ಳೆಯದೇ. ಆದರೆ ಬಹಳ ದಿನ ಉಳಿಯುವ ಲೂಬ್ರಿಕೆಂಟ್ ಅಲ್ಲ, ಕೆಲವು ವಾರದಲ್ಲಿ ದೀಪ ಮತ್ತೆ ಹತ್ತಿಕೊಂಡರೆ ಆಶ್ಚರ್ಯ ಬೇಡ. ನಮ್ಮ ಸಲಹೆ: ಕೊಕ್ಕೆಯ ಸಂದಿಯಿಂದ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಧಾರಾಳವಾಗಿ ಹೊಡೆದು, ಸ್ಕ್ರೂಡ್ರೈವರಿನಲ್ಲಿ ಇಪ್ಪತ್ತು ಮೂವತ್ತು ಸಲ ಕೊಕ್ಕೆ ಆಡಿಸಿ, ಕೊಳೆ ಇಳಿದ ಮೇಲೆ ಒಣಗಲು ಬಿಡಿ. ಆಮೇಲೆ ಕೊಕ್ಕೆಗೆ ಮಾತ್ರ ಸ್ವಲ್ಪ ಬಿಳಿ ಲಿಥಿಯಂ ಗ್ರೀಸು. ಪೆಟ್ರೋಲ್ ಹಾಕುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಕಿಡಿ ಹಾರಬಹುದಾದ ಸ್ವಿಚ್ಚಿನ ಜಾಗಕ್ಕೆ ಪೆಟ್ರೋಲ್ ಏನು ಮಾಡುತ್ತೆ ಅಂತ ಬೇರೆ ಹೇಳಬೇಕಾ?

ಕ್ಲೀನ್ ಮಾಡಿದರೂ ಆಗದಿದ್ದರೆ ಬಾಗಿಲಿನ ಒಳ ಹೊದಿಕೆ ಬಿಚ್ಚಬೇಕು. ಅದರ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಕೆಲಸಕ್ಕೆ ಬಾರದ್ದು ಅಂತ ಹರಿದು ಎಸೆಯುವವರು ಬಹಳ. ಗಾಜಿನ ಸಂದಿಯಿಂದ ಬಾಗಿಲಿನೊಳಗೆ ಇಳಿಯುವ ಮಳೆನೀರು ಕಾರಿನೊಳಗೆ ಬರದೆ ಕೆಳಗಿನ ತೂತುಗಳಿಂದ ಹೊರಗೆ ಹೋಗುವುದು ಆ ಹಾಳೆಯಿಂದಲೇ. ವಾಪಸ್ ಅಂಟಿಸಿ.

ವೈರಿನ ಬಗ್ಗೆಯೂ ಇಲ್ಲಿ ಒಂದು ವ್ಯತ್ಯಾಸ. ಲಾಚಿನ ಸ್ವಿಚ್ಚಿಗೆ ಹೋಗುವ ವೈರು ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆಯ ಮೂಲಕ ಹಾಯಬೇಕು. ಬಾಗಿಲು ತೆಗೆದಾಗ ಹಾಕಿದಾಗಲೆಲ್ಲ ಅದು ಮಡಚುತ್ತದೆ. ದಿನಕ್ಕೆ ಹತ್ತು ಸಲ ಅಂದರೆ ವರ್ಷಕ್ಕೆ 3,650, ಹದಿನೈದು ವರ್ಷಕ್ಕೆ ಐವತ್ತು ಸಾವಿರ ದಾಟುತ್ತದೆ. ಮೆಟೀರಿಯಲ್ ಸೈನ್ಸಿನಲ್ಲಿ ಓದುವ ಫಟೀಗ್ ಅಂದರೆ ಇದೇ, ತಾಮ್ರದ ಎಳೆಗಳು ಒಂದೊಂದೇ ತುಂಡಾಗುತ್ತವೆ. ಬಾಗಿಲು ಹಾಕಿದಾಗ ಸರಿ, ಗುಂಡಿಗೆ ಬಿದ್ದಾಗ ಮಿಣುಕು, ಇಂಥ ಲಕ್ಷಣ ಇದ್ದರೆ ಕೊಳವೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾ ದೀಪ ನೋಡಿ.

ಈ ಪೀಳಿಗೆಯ ಕಾರಿನಲ್ಲಿ ದೀಪಕ್ಕೂ ಸ್ವಿಚ್ಚಿಗೂ ನೇರ ಸಂಬಂಧ ಇರುವುದಿಲ್ಲ, ನಡುವೆ ಬಾಡಿ ಕಂಟ್ರೋಲ್ ಮಾಡ್ಯೂಲ್ ಎಂಬ ಪೆಟ್ಟಿಗೆ ಇರುತ್ತದೆ. ಅದು ಪುಲ್ ಅಪ್ ರೆಸಿಸ್ಟರ್ ಮೂಲಕ ವೈರಿನ ವೋಲ್ಟೇಜ್ ಓದುತ್ತದೆ. ಒಳ್ಳೆಯ ಬಾಗಿಲುಗಳು ಮಳೆಯಲ್ಲಿ ಮಾತ್ರ ಸುಳ್ಳು ಹೇಳುವುದು ಯಾಕೆ ಅಂತ ಇಲ್ಲಿ ತಿಳಿಯುತ್ತದೆ. ಸ್ವಿಚ್ಚಿನೊಳಗೆ ಕೊಳೆನೀರು ಸೇರಿ 5 ಕಿಲೋ ಓಮ್ ಸೋರಿಕೆ ಆಯಿತು ಅಂದುಕೊಳ್ಳಿ. ಹಳೇ ಕಾರಿನ 1.2 ವ್ಯಾಟ್ ಬಲ್ಬು ಉರಿಯಲು 100 ಮಿಲಿಆಂಪ್ ಬೇಕು, ಈ ಸೋರಿಕೆಯಲ್ಲಿ ಹರಿಯುವುದು ಎರಡು ಚಿಲ್ಲರೆ ಮಿಲಿಆಂಪ್. ಬಲ್ಬಿಗೆ ಅದು ಲೆಕ್ಕಕ್ಕೇ ಇಲ್ಲ. ಅದೇ 10 ಕಿಲೋ ಓಮ್ ಪುಲ್ ಅಪ್ ಇರುವ ಮಾಡ್ಯೂಲಾದರೆ 12 ವೋಲ್ಟ್ ಹೋಗಿ 4 ವೋಲ್ಟ್ ಕಾಣುತ್ತದೆ, ಪೆಟ್ಟಿಗೆ ‘ಬಾಗಿಲು ತೆರೆದಿದೆ’ ಅಂದುಕೊಳ್ಳಬಹುದು. ಬಿಸಿಲು ಬಂದು ಒಣಗಿದ ಮೇಲೆ ಮೆಕ್ಯಾನಿಕ್ ಹತ್ತಿರ ಹೋದರೆ ಎಲ್ಲ ಸರಿ ಇರುತ್ತದೆ. ಹೀಗಾಗಿ ಇಂಥ ಕಾರನ್ನು ಮಳೆ ಬಂದ ದಿನವೇ ಅಳೆಯಬೇಕು, ಕಂಟಿನ್ಯುಟಿಯ ಬೀಪ್ ನಂಬದೆ ಓಮ್ ಸ್ಕೇಲಿನಲ್ಲಿ. ಇನ್ನೊಂದು ಮಾತು, ಲಾಚಿನ ಸ್ವಿಚ್ಚು ಬಾಗಿಲು ಮುಚ್ಚಿದಾಗ ಸಂಪರ್ಕ ಕೊಡುತ್ತದೋ ತೆರೆದಾಗಲೋ ಅನ್ನೋದು ತಯಾರಕರಿಂದ ತಯಾರಕರಿಗೆ ಬೇರೆ. ಆ ಮಾಡೆಲ್ಲಿನ ವೈರಿಂಗ್ ಚಿತ್ರ ನೋಡದೆ ವೈರು ಕತ್ತರಿಸುವುದಾಗಲಿ, ಶಾರ್ಟ್ ಮಾಡುವುದಾಗಲಿ ಬೇಡ.

ಸುಮ್ಮನೆ ಬಿಟ್ಟರೆ?

ಒಂದು ದೀಪ ತಾನೇ, ಉರೀಲಿ ಬಿಡು ಅನ್ನುವವರಿಗೆ ಒಂದು ಲೆಕ್ಕ. ಹಳೇ ಕಾರುಗಳಲ್ಲಿ ಅದೇ ಸ್ವಿಚ್ಚು ಚಾವಣಿಯ ದೀಪವನ್ನೂ ಉರಿಸುತ್ತದೆ. ಡ್ಯಾಶ್ ದೀಪ ಕೀ ತೆಗೆದರೆ ಆರುತ್ತದೆ, ಚಾವಣಿಯದು ಆರುವುದಿಲ್ಲ. 10 ವ್ಯಾಟ್ ಬಲ್ಬು, 12 ವೋಲ್ಟು, ಅಂದರೆ 0.83 ಆಂಪ್. ಚಿಕ್ಕ ಕಾರಿನ ಬ್ಯಾಟರಿ 35 ಆಂಪ್ ಅವರ್. ಶುಕ್ರವಾರ ಸಂಜೆ ಐದಕ್ಕೆ ಕಾರು ನಿಲ್ಲಿಸಿ ಬಸ್ಸಲ್ಲಿ ಊರಿಗೆ ಹೋಗಿ, ಸೋಮವಾರ ಬೆಳಿಗ್ಗೆ ಎಂಟಕ್ಕೆ ಬಂದರೆ 63 ಗಂಟೆ. ದೀಪ ಕೇಳುವುದು 52 ಆಂಪ್ ಅವರ್, ಬ್ಯಾಟರಿಯಲ್ಲಿ ಇರುವುದೇ 35. ಸ್ಟಾರ್ಟ್ ಆಗದಿರುವುದು ಒಂದು ಕಷ್ಟ, ಪೂರ್ತಿ ಬರಿದಾದ ಲೆಡ್ ಆಸಿಡ್ ಬ್ಯಾಟರಿ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಶಾಶ್ವತವಾಗಿ ಬಲ ಕಳೆದುಕೊಳ್ಳುವುದು ಇನ್ನೊಂದು. ಚಾವಣಿ ದೀಪದ ಸ್ವಿಚ್ಚನ್ನು ಆಫ್‌ಗೆ ಸರಿಸಿದರೆ ಇದು ಸದ್ಯಕ್ಕೆ ತಪ್ಪುತ್ತದೆ, ಸರಿಪಡಿಸುವ ತನಕ ಅಷ್ಟಾದರೂ ಮಾಡಿ. ಮಾಡ್ಯೂಲ್ ಇರುವ ಕಾರುಗಳು ಸ್ವಲ್ಪ ಹೊತ್ತಿಗೆ ದೀಪವನ್ನು ತಾವೇ ಆರಿಸುತ್ತವೆ. ಆದರೆ ಬಾಗಿಲು ತೆರೆದಿದೆ ಅಂದುಕೊಂಡ ಪೆಟ್ಟಿಗೆ ಕೆಲವು ಮಾಡೆಲ್‌ಗಳಲ್ಲಿ ನಿದ್ದೆಗೆ ಜಾರುವುದಿಲ್ಲ, ರಿಮೋಟ್ ಲಾಕನ್ನೂ ಅಲಾರ್ಮನ್ನೂ ಒಪ್ಪುವುದಿಲ್ಲ.

ಬಲ್ಬು ಕಿತ್ತ ಕಾರಿನ ಕಥೆ ಇದಕ್ಕಿಂತ ಕೆಟ್ಟದು. ಹಿಂದಿನ ಸೀಟಿನಲ್ಲಿ ಮಗು ಕೂತಿದೆ, ಬಾಗಿಲು ಮೊದಲ ಕ್ಲಿಕ್ಕಿನಲ್ಲೇ ನಿಂತಿದೆ, ಹೇಳಬೇಕಾದ ಒಂದೇ ದೀಪ ಯಾವುದೋ ಗ್ಯಾರೇಜಿನ ಡಬ್ಬಿಯಲ್ಲಿ ಬಿದ್ದಿದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಇದನ್ನು ಹಿಡಿಯಲು ಹತ್ತು ಸೆಕೆಂಡ್ ಸಾಕು: ಕೀ ಆನ್ ಮಾಡಿ, ಒಂದು ಬಾಗಿಲು ತೆಗೆದು ದೀಪ ಹತ್ತುತ್ತದಾ ನೋಡಿ.

ರಿಪೇರಿ ಮುಗಿದ ಮೇಲೂ ಪರೀಕ್ಷೆ ಎರಡು ದಿಕ್ಕಿನದ್ದಾಗಿರಲಿ. ಎಲ್ಲ ಹಾಕಿದಾಗ ದೀಪ ಆರಿತು ಅಂತ ಎದ್ದು ಹೋಗಬೇಡಿ. ಡಿಕ್ಕಿ ಸೇರಿ ಐದನ್ನೂ ಒಂದೊಂದಾಗಿ ತೆಗೆದು, ಪ್ರತಿಯೊಂದಕ್ಕೂ ದೀಪ ಹತ್ತುತ್ತದೆ ಅಂತ ನೋಡಿ. ಗೆಳೆಯನ ಕಾರಿನಲ್ಲಿ ಹಿಂದಿನ ಎಡಬಾಗಿಲು ಸರಿಹೋದ ಮೇಲೆ ಹೀಗೆ ನೋಡುವಾಗ ಬಲಬಾಗಿಲು ತೆಗೆದರೆ ದೀಪ ಹತ್ತಲಿಲ್ಲ. ಅದರ ಗುಂಡಿ ಒಳಗೇ ಸಿಕ್ಕಿಕೊಂಡಿತ್ತು, ಎಷ್ಟು ವರ್ಷದಿಂದಲೋ. ಅಂಗಡಿಗೆ ಇನ್ನೊಂದು ಸಲ ಹೋಗಿ ಬಂದೆವು.